ಸೀಟಿ ಮಾವ ಕಾದ ತೊರೆ

ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತರಾದ ಮೇಲೂ ಸೀಟಿಯನ್ನು ಕೊರಳಿಂದ ತೆಗೆಯದೆ ಓಡಾಡುತ್ತಿದ್ದ ಮನುಷ್ಯ ಆ ಬೀದಿಯಲ್ಲಿ ಅವರೊಬ್ಬರೇ. ಹಾಗಾಗಿ ಎಲ್ಲರ ಬಾಯಲ್ಲೂ ಸೀಟಿ ಮಾವ ಆದರು. ಹೆತ್ತವರು ಇಟ್ಟ ಹೆಸರನ್ನು ಅಂಚೆಯವನೂ ಮರೆತಿದ್ದ.

ಆಯುಷ್ಯದ ಬಹುಪಾಲನ್ನು ಅವರು ನಿಂತುಕೊಂಡೇ ಕಳೆದವರು. ತುಂಬಿದ ಬಸ್ಸಿನಲ್ಲಿ ಒಳಗೆ ಹೋಗಿ, ಒಳಗೆ ಹೋಗಿ ಎಂದು ಗಂಟಲು ಹರಿದುಕೊಂಡರೂ ಜನ ಬಾಗಿಲಲ್ಲೇ ಜೋತಾಡುತ್ತಿದ್ದರು. ಮನೆಯಲ್ಲೂ ಅವರ ಮಾತು ನಡೆಯುತ್ತಿದ್ದುದು ಅಷ್ಟಕ್ಕಷ್ಟೇ. ಮನೆಯ ಡ್ರೈವರ್ ತಾನೇ ಎಂಬುದನ್ನು ಹೆಂಡತಿ ಮದುವೆಯಾದ ಹೊಸದರಲ್ಲೇ ತೋರಿಸಿಕೊಟ್ಟಿದ್ದಳು. ಮಾವನ ಪಾಲಿಗೆ ಉಳಿದದ್ದು "ರೈಟ್, ರೈಟ್" ಎನ್ನುವುದು ಮಾತ್ರ. ಒಂದು ವಿಷಯದಲ್ಲಿ ಮಾತ್ರ ಅವರಿಗೆ ತಮ್ಮ ಮೇಲೆ ಅಪಾರ ನಂಬಿಕೆ ಇತ್ತು. ಎಷ್ಟೇ ನೂಕುನುಗ್ಗಲಿರಲಿ, ಟಿಕೆಟ್ ತೆಗೆದುಕೊಳ್ಳದವನನ್ನು ಮುಖ ನೋಡಿದ ಕೂಡಲೇ ಹಿಡಿಯುತ್ತಿದ್ದೆ, ಒಮ್ಮೆಯೂ ತಪ್ಪಿಲ್ಲ ಎಂದು ಹೇಳಿಕೊಳ್ಳುತ್ತಿದ್ದರು. ತಪ್ಪಿದ್ದು ತಮಗೆ ಗೊತ್ತಾಗುವ ದಾರಿ ಇರಲಿಲ್ಲ ಎಂಬುದು ಅವರಿಗೆ ಹೊಳೆದಿರಲಿಲ್ಲ.

ಅವರ ಮನೆಯ ಹಿಂದೆ ಒಂದು ತೊರೆ ಹರಿಯುತ್ತಿತ್ತು. ತೊರೆ ಎಂಬ ಮಾತೇ ಜನರ ನಾಲಗೆಯಿಂದ ಹೋಗಿ ಎಷ್ಟೋ ಕಾಲವಾಗಿತ್ತು, ಎಲ್ಲರಿಗೂ ಅದು ಮೋರಿ. ಎರಡೂ ಕಡೆ ಕಾಂಕ್ರೀಟ್ ಗೋಡೆ, ನಡುವೆ ಕಪ್ಪು ನೀರು. ಆಚೆ ದಡದ ಖಾಲಿ ಜಾಗದಲ್ಲಿ ಕಸದ ರಾಶಿ. ಆ ಬದಿಯ ಕಿಟಕಿಗಳನ್ನು ಯಾರೂ ತೆರೆಯುತ್ತಿರಲಿಲ್ಲ.

ಆಮೇಲೆ ಆ ತೊರೆ ಹಾದುಹೋಗುವ ಊರುಗಳೆಲ್ಲ ಒಟ್ಟುಗೂಡಿ ಅದನ್ನು ಮತ್ತೆ ಜೀವಂತ ಮಾಡುವ ಯೋಜನೆ ಹಾಕಿಕೊಂಡವು. ಕಾಂಕ್ರೀಟ್ ಗೋಡೆ ಒಡೆದರು. ನೆಟ್ಟಗಿದ್ದ ಹರಿವಿಗೆ ಅಲ್ಲಲ್ಲಿ ತಿರುವು ಕೊಟ್ಟು ಗುಂಡುಕಲ್ಲು ಜೋಡಿಸಿದರು. ಕಸದ ರಾಶಿಯನ್ನು ಲಾರಿಗಳಲ್ಲಿ ಸಾಗಹಾಕಿ, ಹೊಸ ಮಣ್ಣು ತುಂಬಿ, ಅತ್ತಿ, ಬಿದಿರು, ಹೆಸರು ಗೊತ್ತಿಲ್ಲದ ಇನ್ನೂ ಎಷ್ಟೋ ಸಸಿಗಳನ್ನು ಒತ್ತೊತ್ತಾಗಿ ನೆಟ್ಟರು. ನಾಲ್ಕು ಮಳೆ ಕಂಡರೆ ಇದು ಕಾಡಾಗುತ್ತದೆ ಎಂದು ಯೋಜನೆಯ ಎಂಜಿನಿಯರ್ ಹುಡುಗಿ ಹೇಳಿದಾಗ ಜನ ಮುಸಿಮುಸಿ ನಕ್ಕರು. ದಡ ಕಾಯಲು ಬೀದಿಯವರೇ ಯಾರಾದರೂ ಮುಂದೆ ಬರಬೇಕು ಎಂದಾಗ ಎದ್ದು ನಿಂತವರು ಸೀಟಿ ಮಾವ.

ಅಲ್ಲಿಂದ ಅವರ ದೆಸೆಯೇ ಬದಲಾಯಿತು. ಬೆಳಿಗ್ಗೆ ಎದ್ದರೆ ದಡ, ಸಂಜೆಯಾದರೆ ದಡ. ಕಸದ ಚೀಲ ಹಿಡಿದು ಯಾರಾದರೂ ತೊರೆಯ ಕಡೆ ಹೆಜ್ಜೆ ಹಾಕಿದರೆ ಸಾಕು, ಸೀಟಿ ಕಿವಿ ತೂತು ಮಾಡುತ್ತಿತ್ತು. ಮೊದಮೊದಲು ಬೈದವರು ಆಮೇಲೆ ಹೆದರಿದರು, ಹೆದರಿದವರು ಬರಬರುತ್ತಾ ಮರ್ಯಾದೆ ಕೊಡತೊಡಗಿದರು. ತೊರೆ ಸಮಿತಿಯ ಅಧ್ಯಕ್ಷರಾಗಿದ್ದ ಔಷಧಿ ಅಂಗಡಿಯವರು, ಮಾವ ಇಲ್ಲದಿದ್ದರೆ ಸಭೆ ಶುರುವಾಗುವುದಿಲ್ಲ ಎಂದು ಎಲ್ಲರೆದುರು ಹೇಳಿದರು. ಮಾವ ಆ ಮಾತನ್ನು ಮನೆಗೆ ತಂದು ಹೆಂಡತಿಯ ಕಿವಿಗೆ ಹಾಕಿದರು. ಅವಳು ಒಗೆದ ಬಟ್ಟೆ ಕೊಡವುತ್ತಾ, "ಸರಿ, ಸಭೆ ಮುಗಿಸಿ ಬರುವಾಗ ಸೊಪ್ಪು ತನ್ನಿ" ಎಂದಳು.

ಎಲ್ಲ ಚೆನ್ನಾಗಿಯೇ ನಡೆದಿತ್ತು, ಒಂದು ತಿರುವನ್ನು ಬಿಟ್ಟು. ಮಾವನ ಮನೆಯ ಸಾಲಿನ ಕೆಳಗೆ ತೊರೆ ಬಾಗುವ ಜಾಗದಲ್ಲಿ ನೀರಿನ ಮೇಲೆ ನೊರೆ ಕಟ್ಟುತ್ತಿತ್ತು, ಮೂಗು ಮುಚ್ಚಿಕೊಳ್ಳುವ ಹಾಗೆ ನಾರುತ್ತಿತ್ತು. ಅಲ್ಲಿ ನೆಟ್ಟ ಜೊಂಡು ಕರಗಿಹೋಯಿತು. ಮೇಲಿನಿಂದ ಬಂದ ಮೀನಿನ ಮರಿಗಳು ಅಲ್ಲಿಗೆ ಬಂದು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ನೊರೆ ಎಂದರೆ ಸೋಪು, ಸೋಪು ಎಂದರೆ ಲಾಂಡ್ರಿ. ತಿರುವಿನ ಎದುರಿಗೇ, ಆಚೆ ದಡದಲ್ಲಿ, ಒಂದು ಲಾಂಡ್ರಿ ಅಂಗಡಿ ಇತ್ತು.

ಅದನ್ನು ನಡೆಸುತ್ತಿದ್ದವಳನ್ನು ಬೀದಿಯೆಲ್ಲ ಲಾಂಡ್ರಿ ಅಕ್ಕ ಎನ್ನುತ್ತಿತ್ತು. ಬಾಡಿಗೆಯ ಒಂದೇ ಕೋಣೆ. ಒಂದು ಮೂಲೆಯಲ್ಲಿ ಒಗೆಯುವ ಯಂತ್ರಗಳು, ಕಿಟಕಿಯ ಹತ್ತಿರ ಇಸ್ತ್ರಿ ಮೇಜು, ಪರದೆಯ ಹಿಂದೆ ಮಂಚದ ಮೇಲೆ ವಯಸ್ಸಾದ ತಾಯಿ. ಮಾತು ಕಡಿಮೆ. ಬೀದಿಯವಳಾಗಿ ಬಹಳ ಕಾಲವೂ ಆಗಿರಲಿಲ್ಲ. ಸಭೆಗೆ ಬರುತ್ತಿರಲಿಲ್ಲ, ಸಸಿ ನೆಡುವ ದಿನವೂ ಅಂಗಡಿ ತೆರೆದಿಟ್ಟಿದ್ದಳು. ಮಾವ ಒಂದು ದಿನ ಅಂಗಡಿಯ ಹಿಂದೆ ಸುತ್ತುಹಾಕಿ ಬಂದರು. ಗೋಡೆಯಿಂದ ತೊರೆಯತ್ತ ಇಳಿದಿದ್ದ ಒಂದು ಪೈಪು ಕಣ್ಣಿಗೆ ಬಿತ್ತು. ಅಷ್ಟೇ ಸಾಕಾಯಿತು.

ಅದು ಸೂರಿನ ಮಳೆನೀರಿನ ಪೈಪು, ತನ್ನ ಒಗೆದ ನೀರು ಬೀದಿಯ ಒಳಚರಂಡಿಗೆ ಹೋಗುತ್ತದೆ, ಬೇಕಾದರೆ ಒಳಗೆ ಬಂದು ನೋಡಿ ಎಂದು ಆಕೆ ಹೇಳಿದಳು. ಮಾವ ಒಳಗೆ ಹೋಗಲಿಲ್ಲ. ಅವಳ ಮುಖ ನೋಡಿದರು. ಹಣೆಯ ಮೇಲೆ ಬೆವರು. ಇಸ್ತ್ರಿಯ ಮುಂದೆ ನಿಂತವಳ ಹಣೆಯಲ್ಲಿ ಇನ್ನೇನಿರುತ್ತದೆ ಎಂದು ಅವರು ಯೋಚಿಸಲಿಲ್ಲ.

"ನೋಡಮ್ಮಾ, ಇಂಥ ಮುಖ ನಾನು ಎಷ್ಟು ನೋಡಿದೀನಿ" ಎಂದರು. "ಟಿಕೆಟ್ ತಗೊಂಡಿದೀನಿ, ಎಲ್ಲೋ ಬಿದ್ದೋಯ್ತು ಅನ್ನೋರದ್ದೆಲ್ಲ ಇದೇ ಮುಖ."

ಮುಂದಿನ ಸಭೆಯಲ್ಲಿ, ಶಾಲೆಯ ಹಾಲಿನಲ್ಲಿ, ಎದ್ದು ನಿಂತು ಅದನ್ನೇ ಇನ್ನೂ ಜೋರಾಗಿ ಹೇಳಿದರು. ಮರುದಿನದಿಂದ ಅಂಗಡಿಯ ಬಾಗಿಲಿಗೆ ಗಿರಾಕಿ ಬಂದರೆ ಎದುರು ದಡದಿಂದ ಸೀಟಿ ಕೇಳುತ್ತಿತ್ತು. ಬಟ್ಟೆ ಗಂಟು ಹಿಡಿದವರು ಅತ್ತ ಇತ್ತ ನೋಡಿ ಹಿಂದಿರುಗುತ್ತಿದ್ದರು. ಹೀಗೇ ಕೆಲವು ವಾರ. ಕಟ್ಟಡದ ಯಜಮಾನ ತನಗೇಕೆ ಈ ರಗಳೆ ಎಂದು ಅಂಗಡಿ ಬಿಡಿಸಿದ. ಯಂತ್ರಗಳನ್ನೂ ಮಂಚವನ್ನೂ ಹೇರಿಕೊಂಡು ಗಾಡಿ ಹೊರಟ ದಿನ ಮಾವ ದಡದ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಗಾಡಿಯ ಹಿಂದೆ ತಾಯಿಯ ಕೈ ಹಿಡಿದು ನಡೆಯುತ್ತಿದ್ದ ಲಾಂಡ್ರಿ ಅಕ್ಕ ಅವರ ಕಡೆ ತಿರುಗಲಿಲ್ಲ.

ಅಂಗಡಿ ಹೋಯಿತು, ನೊರೆ ಹೋಗಲಿಲ್ಲ. ಮಣ್ಣಿನಲ್ಲಿ ಇಳಿದ ವಿಷ ಇರುತ್ತದಲ್ಲ, ತೊಳೆದುಹೋಗಲು ಕಾಲ ಬೇಕು ಎಂದು ಮಾವ ವಿವರಣೆ ಕೊಟ್ಟರು. ಎಂಜಿನಿಯರ್ ಹುಡುಗಿ ತಲೆಯಾಡಿಸಲಿಲ್ಲ. ಒಂದು ಬೆಳಿಗ್ಗೆ ಪುಟ್ಟ ಸೀಸೆಗಳನ್ನು ಹಿಡಿದು ಬಂದಳು. ಒಳಗೆ ಹಸಿರು ಬಣ್ಣದ ಪುಡಿ. ಯಾರಿಗೂ ಏನೂ ಮಾಡದು, ನೀರಿಗೆ ಬಿದ್ದರೆ ಮಾತ್ರ ಎದ್ದು ಕಾಣುತ್ತದೆ. ತಿರುವಿನ ಮೇಲಿರುವ ಒಂದೊಂದೇ ಮನೆಯ ಬಚ್ಚಲಿಗೆ ಸುರಿದು ನೋಡೋಣ, ಎಲ್ಲಿಯದು ತೊರೆಯಲ್ಲಿ ಕಾಣಿಸುತ್ತದೋ ಅಲ್ಲಿ ಪೈಪು ತಪ್ಪಿದೆ ಎಂದರ್ಥ ಎಂದಳು. ಬೀದಿಯವರು ಗೊಣಗಬಹುದು ಎಂದು ಅವಳಿಗೆ ಅನುಮಾನ. ಮಾವ ಎದೆ ತಟ್ಟಿಕೊಂಡರು.

"ಮೊದಲು ನನ್ನ ಮನೆಯಿಂದಲೇ ಶುರು ಮಾಡಮ್ಮಾ. ಆಮೇಲೆ ಯಾರು ಬಾಯಿ ಬಿಡ್ತಾರೆ ನೋಡ್ತೀನಿ."

ಸೀಸೆಯನ್ನು ಹೆಂಡತಿಯ ಕೈಗಿತ್ತು, ಫೋನ್ ಮಾಡಿದ ಕೂಡಲೇ ಹಿಂದಿನ ಬಚ್ಚಲಿಗೆ ಸುರಿದು ಎರಡು ಬಕೆಟ್ ನೀರು ಬಿಡು ಎಂದು ಹೇಳಿ, ಮಾವ ಹುಡುಗಿಯ ಜೊತೆ ತಿರುವಿಗೆ ಇಳಿದರು. ಫೋನ್ ಮಾಡಿದರು. ಸುಮ್ಮನೆ ಕಾಯುವುದೇಕೆ ಎಂದು ಲಾಂಡ್ರಿಯ ಕಥೆಯನ್ನು ಮತ್ತೊಮ್ಮೆ ತೆಗೆದರು. ಪೈಪು ಹೇಗೆ ಕಂಡಿತು, ಅವಳ ಮುಖ ಹೇಗೆ ಇಳಿದುಹೋಯಿತು ಎಂದು ಕೈ ತಿರುಗಿಸಿ ಹೇಳುತ್ತಿದ್ದಾಗ ಹುಡುಗಿ ಅವರ ಮಾತು ಕೇಳುವುದನ್ನು ಬಿಟ್ಟು ನೀರನ್ನು ನೋಡುತ್ತಿರುವುದು ಅವರಿಗೆ ಕಾಣಿಸಿತು.

ದಡದ ಬುಡದಲ್ಲಿ, ಕಲ್ಲಿನ ಸಂದಿಯಿಂದ, ಹಸಿರು ಬರುತ್ತಿತ್ತು. ಮೊದಲು ಎಳೆಯಾಗಿ, ಆಮೇಲೆ ಪಟ್ಟಿಯಾಗಿ. ಅದರ ಹಿಂದೆಯೇ ನೊರೆ. ತಿರುವೆಲ್ಲ ಹಸಿರಾಯಿತು.

ಭೂಮಿ ಬಾಯಿಬಿಟ್ಟು ನುಂಗಬಾರದೇ ಎಂದು ಜನ ಹೇಳುತ್ತಾರಲ್ಲ, ಮಾವನಿಗೆ ಹಾಗೂ ಅನ್ನಿಸಲಿಲ್ಲ. ಬಾಯಿಗೆ ಬಂದದ್ದು ಒಂದೇ ಮಾತು: "ಇದು ಬೇರೆ ಯಾರದ್ದೋ ಇರಬೇಕು." ಬೆಳಗಿನಿಂದ ಬೇರೆ ಯಾವ ಸೀಸೆಯನ್ನೂ ಹುಡುಗಿ ತೆರೆದೇ ಇರಲಿಲ್ಲ.

ಮನೆಗೆ ಬಂದು ಹೆಂಡತಿಯ ಮೇಲೆ ಕೂಗಾಡಿದರು. ಅವಳು ಒಲೆ ಆರಿಸಿ, ಕೂತುಕೊಂಡು, ಪೂರ್ತಿ ಕೇಳಿದಳು. ಆಮೇಲೆ ನೆನಪು ಮಾಡಿಕೊಟ್ಟಳು. ಮಹಡಿಯ ಮೇಲೆ ಬಾಡಿಗೆಗೆಂದು ಮನೆಗಳನ್ನು ಕಟ್ಟಿಸುವಾಗ ಗಾರೆಯವನು ಬಂದು, ಹಿಂದಿನ ಬಚ್ಚಲುಗಳ ನೀರನ್ನು ಬೀದಿಯ ಚರಂಡಿಗೆ ಸೇರಿಸಬೇಕಾದರೆ ಹಾಲಿನ ನೆಲ ಒಡೆಯಬೇಕು ಎಂದಿದ್ದ. ಆಗ ತಾನೇ ಹಾಸಿದ ನೆಲ.

"ನೀವೇ ಕುರ್ಚಿ ಮೇಲೆ ಕೂತ್ಕೊಂಡು ಹೇಳಿದ್ರಿ, ನೆಲ ಮುಟ್ಟಬೇಡ, ಬೇರೆ ಎಲ್ಲಾದ್ರೂ ದಾರಿ ಮಾಡು ಅಂತ" ಎಂದಳು. "ಅವನು ಮಾಡಿದ. ಎಲ್ಲಿ ಅಂತ ನೀವೂ ಕೇಳಲಿಲ್ಲ, ನಾನೂ ಕೇಳಲಿಲ್ಲ."

ಮಾವನಿಗೆ ಕುರ್ಚಿ ನೆನಪಾಯಿತು, ಗಾರೆಯವನ ಮುಖವೂ ನೆನಪಾಯಿತು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ಓಡಿಸಲು ಹೋದವನ ಗಾದೆಯನ್ನು ಅವರೇ ಸಭೆಯಲ್ಲಿ ಎಷ್ಟೋ ಸಲ ಹೇಳಿ ನಗಿಸಿದ್ದರು.

ಅಂದು ಸಂಜೆ ಎಂಜಿನಿಯರ್ ಹುಡುಗಿ ಮನೆಗೆ ಬಂದಳು. ಅಜ್ಜನ ವಯಸ್ಸಿನವರಿಗೆ ಹೇಳುವುದು ಹೇಗೆ ಎಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿರಬೇಕು. ಬೇಗ ಸರಿಮಾಡಿಸಿಬಿಡಿ ಅಂಕಲ್, ಒಂದು ಪೈಪು ತಪ್ಪಿತ್ತು, ಮುಚ್ಚಿಸಿದ್ದಾಯಿತು ಎಂದಷ್ಟೇ ವರದಿಯಲ್ಲಿ ಹಾಕುತ್ತೇನೆ, ಯಾರದೆಂದು ಯಾರೂ ಕೇಳುವುದಿಲ್ಲ ಎಂದಳು. ಮಾವ ಅವಳ ಕೈ ಹಿಡಿದುಕೊಂಡರು. ಹುಡುಗಿ ದೇವತೆಯ ಹಾಗೆ ಕಂಡಳು. ಆ ಗಳಿಗೆಯಲ್ಲಿ ಲಾಂಡ್ರಿ ಅಕ್ಕನ ನೆನಪು ಅವರಿಗೆ ಬರಲೇ ಇಲ್ಲ. ಆಮೇಲೆ ಎಲ್ಲಕ್ಕಿಂತ ಹೆಚ್ಚು ಸುಟ್ಟಿದ್ದು ಅದೇ.

ನೆಲ ಒಡೆಸಿದರು. ನೆರೆಯವರು ಕೇಳಿದರೆ ನೆಲದಲ್ಲಿ ತೇವ ಬಂದಿದೆ ಎಂದರು. ಕಿಟಕಿ ಮುಚ್ಚಿ ಕೆಲಸ ಮಾಡಿಸಿದರು. ಪೈಪು ಬೀದಿಯ ಚರಂಡಿಗೆ ಸೇರಿತು, ತೊರೆಯ ಕಡೆಯ ತೂತಿಗೆ ಸಿಮೆಂಟು ಬಿತ್ತು.

ಕೆಲವೇ ದಿನಗಳಲ್ಲಿ ತಿರುವಿನ ನೀರು ತಿಳಿಯಾಯಿತು. ಮತ್ತೆ ನೆಟ್ಟ ಜೊಂಡು ಬೇರು ಹಿಡಿಯಿತು. ಬೀದಿಯವರು ಕಿಟಕಿ ತೆರೆದರು. ಹಾಲು ತರಲು ಹೋದಲ್ಲಿ, ಕ್ಷೌರಕ್ಕೆ ಕೂತಲ್ಲಿ ಎಲ್ಲರದೂ ಒಂದೇ ಮಾತು: ಮಾವ ಅಂದೇ ಹೇಳಿದ್ದರು, ಲಾಂಡ್ರಿ ಹೋಯಿತು, ತೊರೆ ಬದುಕಿತು. ಮಾವ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಹೊಗಳಿಕೆ ಕೇಳಿದಾಗಲೆಲ್ಲ ಕುಂಬಳಕಾಯಿ ಕಳ್ಳನ ಹಾಗೆ ಕೈ ಹೆಗಲಿಗೆ ಹೋಗುತ್ತಿತ್ತು. ಬೆಳಗಿನ ಸುತ್ತಾಟದಲ್ಲಿ ಆ ತಿರುವನ್ನು ಬಿಟ್ಟು ಬಳಸಿ ನಡೆಯತೊಡಗಿದರು.

ಅಷ್ಟರಲ್ಲಿ ಬೇರೆ ಊರುಗಳ ಸಮಿತಿಯವರು ಕೆಲಸ ನೋಡಲು ಬಂದರು. ಔಷಧಿ ಅಂಗಡಿಯವರು ಅವರನ್ನೆಲ್ಲ ತಿರುವಿಗೇ ಕರೆದುಕೊಂಡು ಹೋದರು. ಮಾವನ ತೋಳು ಹಿಡಿದು ಮುಂದೆ ನಿಲ್ಲಿಸಿ, ಹೀಗೆ ಒಬ್ಬೊಬ್ಬರು ಇದ್ದರೆ ಸಾಕು, ಒಂದು ಅಂಗಡಿ ಎತ್ತಿಸಿದರು, ಒಂದು ತೊರೆ ಉಳಿಸಿದರು ಎಂದರು. ಬಂದವರು ಚಪ್ಪಾಳೆ ತಟ್ಟಿದರು. ಯಾರೋ ಫೋಟೋ ತೆಗೆದರು. ಎದುರು ದಡದಲ್ಲಿ ಲಾಂಡ್ರಿ ಇದ್ದ ಕೋಣೆಯ ಬಾಗಿಲಿಗೆ ಹೊಸ ಬಣ್ಣ ಹೊಡೆಯುತ್ತಿದ್ದರು. ಗುಂಪಿನ ಹಿಂದೆ ನಿಂತಿದ್ದ ಎಂಜಿನಿಯರ್ ಹುಡುಗಿ ಚಪ್ಪಾಳೆ ತಟ್ಟದೆ ತನ್ನ ಬೂಟಿನ ಕೆಸರು ನೋಡುತ್ತಿದ್ದಳು. ಮಾವ ಅವಳತ್ತ ನೋಡಿದರು, ಅವಳು ತಲೆ ಎತ್ತಲಿಲ್ಲ. ನನ್ನ ಮಾನ ಉಳಿಸಲು ಹೋಗಿ ಈ ಮಗುವೂ ತಲೆ ತಗ್ಗಿಸುವಂತಾಯಿತಲ್ಲ ಎಂದು ಅವರಿಗೆ ಅನ್ನಿಸಿತು. ಅಂದು ರಾತ್ರಿ ಊಟ ಸೇರಲಿಲ್ಲ. ಹೆಂಡತಿ ತಟ್ಟೆ ಎತ್ತುತ್ತಾ, ಲಾಂಡ್ರಿ ಅಕ್ಕ ಈಗ ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೆಲಸಕ್ಕಿದ್ದಾಳಂತೆ ಎಂದಳು. ಯಾರೂ ಕೇಳದೆಯೇ ಹೇಳಿದಳು.

ಮಾವ ಆಸ್ಪತ್ರೆಯ ನೆಲಮಾಳಿಗೆಗೆ ಇಳಿದರು. ಹಬೆ, ಔಷಧಿಯ ವಾಸನೆ, ಯಂತ್ರಗಳ ಗಡಗಡ. ಲಾಂಡ್ರಿ ಅಕ್ಕ ಇನ್ನೊಬ್ಬಳ ಜೊತೆ ಹಾಸಿಗೆಯ ಚಾದರದ ತುದಿ ಹಿಡಿದು ಮಡಿಸುತ್ತಿದ್ದಳು. ಇವರನ್ನು ನೋಡಿದವಳು ಮಡಿಸುವುದನ್ನು ನಿಲ್ಲಿಸಲಿಲ್ಲ. ಆ ಚಾದರ ಮುಗಿಸಿ, ಕೈ ಒರೆಸಿಕೊಂಡು ಬಾಗಿಲಿಗೆ ಬಂದಳು.

ಮಾವ ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಹಬೆಯಲ್ಲಿ ಕರಗಿಹೋಯಿತು. ಪೈಪು ತಮ್ಮದೇ ಎಂದರು. ನೆಲ ಒಡೆಸಿ ಸರಿಮಾಡಿಸಿದೆ ಎಂದರು. ಯಾರಿಗೂ ಹೇಳಿಲ್ಲ ಎಂಬುದನ್ನೂ ಕೊನೆಗೆ ಹೇಳಿದರು.

"ನನ್ನ ನೀರಲ್ಲ ಅಂತ ನನಗೆ ಗೊತ್ತಿತ್ತಲ್ಲ ಅಣ್ಣಾ" ಎಂದಳು ಆಕೆ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ನೀವು ಹೊಸದಾಗಿ ನನಗೇನು ಹೇಳಿದ ಹಾಗಾಯ್ತು?"

ಮಾವ ಕೈ ಜೋಡಿಸಲು ಹೋದರು. ಆಕೆ ತಡೆದಳು.

"ಬೇಡ. ಇಲ್ಲಿ ಕೆಳಗೆ ಬಂದು ನನ್ನೊಬ್ಬಳಿಗೆ ಹೇಳಿದ್ರೆ ನಿಮಗೆ ಹಗುರ ಆಗುತ್ತೆ, ನನಗೇನೂ ಆಗಲ್ಲ. ಅವತ್ತು ಎಲ್ಲಿ ಹೇಳಿದ್ರೋ ಅಲ್ಲಿ ಹೇಳಿ. ಅಷ್ಟೇ ಜೋರಾಗಿ ಹೇಳಿ. ನಮ್ಮಮ್ಮ ಇವತ್ತಿಗೂ ಕೇಳ್ತಾಳೆ, ನಾವೇನು ಮಾಡಿದ್ವಿ ಅಂತ ಓಡಿಸಿದ್ರು ಅಂತ."

ಅಷ್ಟು ಹೇಳಿ ಒಳಗೆ ಹೋದಳು. ಚಾದರಗಳು ಕಾಯುತ್ತಿದ್ದವು.

ಮುಂದಿನ ಸಭೆಗೆ ಮಾವನ ಹೆಂಡತಿಯೂ ಬಂದಳು. ಅದೇ ಮೊದಲ ಸಲ. ಹಿಂದಿನ ಬೆಂಚಿನಲ್ಲಿ ಕೂತಳು. ಮಾವ ಎದ್ದು ನಿಂತಾಗ ಔಷಧಿ ಅಂಗಡಿಯವರು ಏನೋ ಹಾಸ್ಯ ಮಾಡಿದರು, ಜನ ನಕ್ಕರು. ನಗು ನಿಲ್ಲುವುದಕ್ಕೆ ಕಾದು ಮಾವ ಹೇಳಿದರು. ದನಿ ಅರ್ಧದಲ್ಲೇ ಕುಸಿಯಿತು, ಮತ್ತೆ ಎತ್ತಿ ಹೇಳಿದರು.

"ತಿರುವಿನ ಗಲೀಜು ನಮ್ಮ ಮನೇದು. ಲಾಂಡ್ರಿ ಅಕ್ಕಂದಲ್ಲ. ಅವಳು ಬಂದು ನೋಡಿ ಅಂದ್ಲು, ನಾನು ನೋಡಲಿಲ್ಲ. ಗೊತ್ತಾದ ಮೇಲೂ ಬಾಯಿ ಮುಚ್ಕೊಂಡು ಇಷ್ಟು ದಿನ ನಿಮ್ಮ ಹೊಗಳಿಕೆ ತಿಂದೆ. ಅವಳನ್ನ ಓಡಿಸಿದ್ದು ನಾನು."

ಛೀ ಎನ್ನುತ್ತಾರೆ, ಉಗಿಯುತ್ತಾರೆ ಎಂದುಕೊಂಡು ಮಾವ ಮೈಯನ್ನೆಲ್ಲ ಗಟ್ಟಿ ಮಾಡಿಕೊಂಡಿದ್ದರು. ಯಾರೂ ಉಗಿಯಲಿಲ್ಲ. ಒಬ್ಬರು, ಹೋಗಲಿ ಬಿಡಿ ಮಾವ, ಯಾರ ಮನೆಯಲ್ಲಿ ತಪ್ಪಾಗುವುದಿಲ್ಲ ಎಂದರು. ಇನ್ನೊಬ್ಬರು, ಗಾರೆಯವರೇ ಹಾಗೆ, ಹೇಳುವುದೊಂದು ಮಾಡುವುದೊಂದು ಎಂದರು. ಈಗ ತೊರೆ ಸರಿಹೋಗಿದೆಯಲ್ಲ, ಹಳೆಯದನ್ನು ಕೆದಕಿದರೆ ಯೋಜನೆಯ ಹೆಸರು ಕೆಡುತ್ತದೆ ಎಂದು ಔಷಧಿ ಅಂಗಡಿಯವರು ಮೆಲ್ಲಗೆ ಮುಂದಿನ ವಿಷಯ ಎತ್ತಿಕೊಂಡರು. ಲಾಂಡ್ರಿ ಅಕ್ಕನ ಒಂದು ಮಾತನ್ನೂ ನಂಬದ ಜನ ಮಾವನನ್ನು ಇಷ್ಟು ಸಲೀಸಾಗಿ ಕ್ಷಮಿಸಿಬಿಟ್ಟಿದ್ದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಾವೆಲ್ಲ ಒಮ್ಮೆ ಹೋಗಿ ಆಕೆಯನ್ನು ಕಾಣೋಣ ಎಂದು ಮಾವ ಕೇಳಿಕೊಂಡಾಗ ಹಲವರು ಗಡಿಯಾರ ನೋಡಿದರು.

ಎಂಜಿನಿಯರ್ ಹುಡುಗಿ ಎದ್ದಳು. ಬಾಯಿ ಮುಚ್ಚಿಕೊಳ್ಳಲು ಹೇಳಿಕೊಟ್ಟವಳು ನಾನೇ, ನಾನೂ ಬರುತ್ತೇನೆ ಎಂದಳು. ಹಿಂದಿನ ಬೆಂಚಿನಿಂದ ಮಾವನ ಹೆಂಡತಿಯೂ ಎದ್ದಳು. ಹೋದವರು ಮೂವರೇ. ಆಸ್ಪತ್ರೆಯ ಹಿಂಬದಿಯ ಒಂದು ಕೋಣೆಯಲ್ಲಿ ಲಾಂಡ್ರಿ ಅಕ್ಕ ತಾಯಿಯ ಜೊತೆ ಇದ್ದಳು. ಸಭೆಯಲ್ಲಿ ಆದದ್ದನ್ನು ಮಾವನ ಹೆಂಡತಿ ಮುದುಕಿಯ ಪಕ್ಕದಲ್ಲಿ ಕೂತು ಬಿಡಿಸಿ ಹೇಳಿದಳು. ಮಾವ ಬಾಗಿಲಲ್ಲೇ ನಿಂತಿದ್ದರು, ಹೊರಗಿನ ಕತ್ತಲೆಗೆ ಮುಖ ಮಾಡಿ. ಮತ್ತೆ ಅಂಗಡಿ ಹಾಕುವುದಾದರೆ ಜಾಗ ಹುಡುಕಿಕೊಡುತ್ತೇವೆ ಎಂದು ಎಂಜಿನಿಯರ್ ಹುಡುಗಿ ಹೇಳಿದ್ದಕ್ಕೆ ಲಾಂಡ್ರಿ ಅಕ್ಕ ಬೇಡ ಎಂದಳು. ಆ ಬೀದಿಯಲ್ಲಿ ಇನ್ನೊಮ್ಮೆ ಬಾಗಿಲು ತೆರೆದು ಕೂರಲು ತನ್ನಿಂದಾಗದು ಎಂದಳು. ಯಾರೂ ಬಲವಂತ ಮಾಡಲಿಲ್ಲ.

ಮಾವ ಸಮಿತಿ ಬಿಟ್ಟರು, ದಡ ಬಿಡಲಿಲ್ಲ. ಕಳೆ ಕೀಳುವ ಕೂಲಿಯವರ ಜೊತೆ ಸೇರಿಕೊಂಡು, ಅವರು ಹೇಳಿದ ಪಾತಿಯಲ್ಲಿ ಕೂತು ಕಳೆ ಕಿತ್ತರು. ಆರಂಭದಲ್ಲಿ ಕಳೆ ಯಾವುದು ಸಸಿ ಯಾವುದು ತಿಳಿಯದೆ ಬೈಸಿಕೊಂಡರು. ಬಿದಿರು ತಲೆಗಿಂತ ಎತ್ತರ ಬೆಳೆಯಿತು. ಅತ್ತಿಮರದಲ್ಲಿ ಹಕ್ಕಿಗಳು ಜಗಳವಾಡತೊಡಗಿದವು. ಯಾರಾದರೂ ಕಸ ಎಸೆದರೆ ಸೀಟಿ ಊದದೆ ಸುಮ್ಮನೆ ಹೋಗಿ ಎತ್ತಿಕೊಂಡು ಬರುತ್ತಿದ್ದರು. ಬೀದಿಯವರು ಮಾತಾಡಿಸಿದರೆ ಮಾತು, ಇಲ್ಲದಿದ್ದರೆ ಇಲ್ಲ.

ಮಳೆ ಮುಗಿದ ಮೇಲೆ ಒಂದು ಭಾನುವಾರ ಲಾಂಡ್ರಿ ಅಕ್ಕ ತಾಯಿಯ ಕೈ ಹಿಡಿದುಕೊಂಡು ಕಾಲುದಾರಿಯಲ್ಲಿ ಬರುತ್ತಿರುವುದು ಮಾವನಿಗೆ ಕಾಣಿಸಿತು. ಅವರು ಕುಡುಗೋಲು ಹಿಡಿದುಕೊಂಡೇ ಬಿದಿರುಮೆಳೆಯ ಹಿಂದೆ ಸರಿದು ನಿಂತರು. ಉಸಿರೂ ಬಿಗಿಹಿಡಿದರು.

"ಕಾಣ್ತಾ ಇದೀರಿ ಅಣ್ಣಾ" ಎಂದಳು ಲಾಂಡ್ರಿ ಅಕ್ಕ. "ಈ ಕಡೆ ಬನ್ನಿ. ಅಮ್ಮನಿಗೆ ನೀರಲ್ಲಿ ಕಾಲು ಇಳಿಬಿಡಬೇಕಂತೆ, ಇಳಿಯೋದು ಎಲ್ಲಿಂದ?"

ಮಾವ ಹೊರಗೆ ಬಂದರು. ತಿರುವಿನ ಹತ್ತಿರ ಚಪ್ಪಟೆ ಕಲ್ಲಿನ ಮೇಲೆ ಮುದುಕಿಯನ್ನು ಕೂರಿಸಿದರು. ಚಪ್ಪಲಿ ಒದ್ದೆಯಾಗದಿರಲಿ ಎಂದು ಎತ್ತಿ ಕೈಯಲ್ಲಿ ಹಿಡಿದು ನಿಂತರು. ಮುದುಕಿ ಕಾಲು ಇಳಿಬಿಟ್ಟು, ಪಾದದ ಸುತ್ತ ಬಂದ ಮೀನಿನ ಮರಿಗಳನ್ನು ನೋಡಿ ಹುಡುಗಿಯ ಹಾಗೆ ನಕ್ಕಳು. ಆಮೇಲೆ ಕಣ್ಣು ಕಿರಿದು ಮಾಡಿ ಮಾವನನ್ನು ನೋಡಿದಳು. ಗುರುತು ಹತ್ತಲಿಲ್ಲ.

"ನೀವು ಇಲ್ಲೇ ಕೆಲಸಕ್ಕಿದ್ದೀರಾಪ್ಪಾ?"

"ಹೌದಮ್ಮಾ" ಎಂದರು ಮಾವ.

ಲಾಂಡ್ರಿ ಅಕ್ಕ ಅವರ ಮುಖ ನೋಡಿದಳು. ಮಾವ ನೆಲ ನೋಡುತ್ತಾ ನಿಂತಿದ್ದರು. ಮುದುಕಿ ಏಳುವಾಗ ಚಪ್ಪಲಿಯನ್ನು ಅವಳ ಕಾಲ ಬಳಿ ಜೋಡಿಸಿಟ್ಟು, ಆ ಕಡೆ ಪಾಚಿ ಜಾರುತ್ತದೆ, ಈ ಕಡೆಯಿಂದ ಹತ್ತಿ ಎಂದು ದಾರಿ ತೋರಿಸಿದರು.